ಹಳೆಯ ಬಿ-275 ಟ್ರ್ಯಾಕ್ಟರಿಗೆ ಆಲ್ಟರ್ನೇಟರ್ ಕೂರಿಸುವ ಬಗೆ

ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೊ ತೆಗೆದು, ಅದೇ ಕೆಲಸಕ್ಕೆ ಇಂದಿನ ಆಲ್ಟರ್ನೇಟರ್ ಹಾಕಲು ಹೊರಟವರಿಗೆ ನನ್ನ ಮೊದಲ ಮಾತು ಇದು: ಪಾನಾ ಹಿಡಿಯುವ ಮುನ್ನ ಬ್ಯಾಟರಿಯ ಯಾವ ಕಂಬ (ಟರ್ಮಿನಲ್) ಗಾಡಿಯ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿದೆ ನೋಡಿ. ಬ್ರಿಟಿಷ್ ಮೂಲದ ಹಳೆಯ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೆ ಪ್ಲಸ್ ಬಾಡಿಗಿರುತ್ತದೆ. ಅಕ್ಕಲಕೋಟ ತಾಲ್ಲೂಕಿನ ನಮ್ಮ ಹೊಲದಲ್ಲಿ ಇಂದಿಗೂ ದುಡಿಯುವ, ತಂದೆಯವರ ಕಾಲದ ಬಿ-275 ಕೂಡ ಹಾಗೆಯೇ ಇತ್ತು. ಇಂದು ಅಂಗಡಿಯಲ್ಲಿ ಸಿಗುವ ಆಲ್ಟರ್ನೇಟರ್‌ಗೆ ಮೈನಸ್ಸೇ ಬಾಡಿಗಿರಬೇಕು. ಅದಲುಬದಲಾದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್‌ಗಳು ತಂತಿ ತಾಗಿದ ಕ್ಷಣದಲ್ಲೇ ಸುಡುತ್ತವೆ.

ಇಷ್ಟೆಲ್ಲ ಏಕೆ ಎಂದು ಕೇಳುವವರು ಕಬ್ಬಿನ ಹಂಗಾಮಿನಲ್ಲಿ ಒಂದು ರಾತ್ರಿ ಕಾರ್ಖಾನೆಯ ಸರದಿಯಲ್ಲಿ ನಿಂತು ನೋಡಬೇಕು. 55 ವ್ಯಾಟಿನ ಎರಡು ಮುಂದೀಪಗಳಿಗೆ 9 ಆಂಪಿಯರ್, ಹಿಂದಿನ ದೀಪಕ್ಕೆ ನಾಲ್ಕೂವರೆ, ಟ್ರೇಲರ್ ದೀಪಗಳದ್ದು ಬೇರೆ. ಹಳೆಯ ಡೈನಮೊ ಮಾದರಿಗೆ ತಕ್ಕಂತೆ 11ರಿಂದ 22 ಆಂಪಿಯರ್ ಕೊಡುತ್ತದೆ, ಅದೂ ಎಂಜಿನ್ ಜೋರಾಗಿ ತಿರುಗಿದಾಗ ಮಾತ್ರ. ಗಾಡಿ ಮಾರುದ್ದ ಸರಿದು ಮತ್ತೆ ನಿಲ್ಲುವ ಸರದಿಯಲ್ಲಿ ಎಂಜಿನ್ ನಿಧಾನಗತಿಯಲ್ಲೇ ಇರುತ್ತದೆ. ಆಗ ಡೈನಮೊದಿಂದ ಬರುವುದು ಸೊನ್ನೆ, ಖರ್ಚೆಲ್ಲ ಬ್ಯಾಟರಿಯದ್ದು. ಬೆಳಗಿನ ಜಾವ ತುಂಬಿದ ಟ್ರೇಲರ್ ಕಟ್ಟಿಕೊಂಡ ಗಾಡಿಯನ್ನು ದೂಡಿ ಚಾಲೂ ಮಾಡಲು ಯಾರಿಂದಲೂ ಆಗದು. ಆಲ್ಟರ್ನೇಟರ್ ಎಂಜಿನ್ ಮೆಲ್ಲಗೆ ತಿರುಗುವಾಗಲೂ ವಿದ್ಯುತ್ ಕೊಡುತ್ತದೆ.

12 ವೋಲ್ಟಿನ, 35ರಿಂದ 45 ಆಂಪಿಯರಿನ, ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಒಳಗೇ ಇರುವ ಆಲ್ಟರ್ನೇಟರ್ ಧಾರಾಳವಾಗಿ ಸಾಕು. ಇನ್ನೂ ದೊಡ್ಡದರ ಆಸೆ ಬೇಡ. ಬೆಲ್ಟಿಗೂ ತಂತಿಗೂ ಭಾರ.

ಕೆಲಸಕ್ಕೆ ಇಳಿಯುವಾಗ ಬ್ಯಾಟರಿಯಿಂದ ಬಾಡಿಗೆ ಹೋಗುವ ಪಟ್ಟಿಯನ್ನು ಮೊದಲು ಬಿಚ್ಚಿ. ಮರಳಿ ಜೋಡಿಸುವಾಗ ಅದು ಕೊನೆಗೆ. ಬ್ಯಾಟರಿಯನ್ನು ತಿರುಗಿಸಿಟ್ಟು ಮೈನಸ್ಸನ್ನು ಬಾಡಿಗೆ ತನ್ನಿ. ಪ್ಲಸ್ ಕಂಬ ಮೈನಸ್ಸಿಗಿಂತ ದಪ್ಪವಿರುವುದರಿಂದ ಹಳೆಯ ಕ್ಲ್ಯಾಂಪುಗಳು ಹೊಂದುವುದಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸಬೇಡಿ, ಹೊಸ ಕ್ಲ್ಯಾಂಪ್ ತನ್ನಿ. ಎಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟಾರ್ ಉಲ್ಟಾ ತಿರುಗೀತೆಂಬ ಹೆದರಿಕೆ ಹಲವರಿಗಿದೆ. ಹಳೆಯ ಸೆಲ್ಫ್ ಮೋಟಾರಿನಲ್ಲಿ ಸುತ್ತಲಿನ ಫೀಲ್ಡ್ ಸುರುಳಿಯೂ ನಡುವೆ ತಿರುಗುವ ಆರ್ಮೇಚರೂ ಒಟ್ಟಿಗೆ ದಿಕ್ಕು ಬದಲಿಸುವುದರಿಂದ ಅದು ಮೊದಲಿನಂತೆಯೇ ತಿರುಗುತ್ತದೆ. ನಡುವೆ ಯಾರಾದರೂ ಶಾಶ್ವತ ಅಯಸ್ಕಾಂತದ ಸೆಲ್ಫ್ ಹಾಕಿದ್ದರೆ ಮಾತ್ರ ಈ ಮಾತು ಅನ್ವಯಿಸದು. ವಿದ್ಯುತ್ತಿನ ಹರಿವು ತೋರಿಸುವ ಆಮೀಟರಿನ ಎರಡು ತಂತಿಗಳನ್ನು ಪರಸ್ಪರ ಬದಲಿಸಿ. ದೀಪಗಳಿಗೆ ಇದರ ಗೊಡವೆಯಿಲ್ಲ, ಎಲ್‌ಇಡಿ ಹಾಕಿದ್ದರೆ ಅದಕ್ಕಿದೆ.

ಡೈನಮೊ ಉದ್ದ, ಆಲ್ಟರ್ನೇಟರ್ ಗಿಡ್ಡ. ಬ್ರಾಕೆಟ್‌ನಲ್ಲಿ ಉಳಿಯುವ ಸಂದಿಗೆ ಅಳತೆಗೆ ಕತ್ತರಿಸಿದ ಕಬ್ಬಿಣದ ಕೊಳವೆ ಹಾಕಿ ಒಂದೇ ಉದ್ದ ಬೋಲ್ಟ್ ತೂರಿಸಿ. ಕ್ರ್ಯಾಂಕ್ ಪುಲ್ಲಿ, ನೀರಿನ ಪಂಪಿನ ಪುಲ್ಲಿ, ಆಲ್ಟರ್ನೇಟರ್ ಪುಲ್ಲಿ ಮೂರೂ ಒಂದೇ ಗೆರೆಯಲ್ಲಿರಬೇಕು. ನೇರ ಪಟ್ಟಿಯನ್ನು ಅಡ್ಡ ಹಿಡಿದು ನೋಡಿ. ಉದ್ದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ ಅರ್ಧ ಇಂಚಿನಷ್ಟು ತಗ್ಗಿದರೆ ಬಿಗಿ ಸರಿಯಾಗಿದೆ.

ಇನ್ನು ತಂತಿ. ಆಲ್ಟರ್ನೇಟರಿನ ದಪ್ಪ ಬೋಲ್ಟ್ ಬಿ ಪ್ಲಸ್. ಅಲ್ಲಿಂದ ಸೆಲ್ಫ್ ಮೋಟಾರಿನಲ್ಲಿ ಬ್ಯಾಟರಿ ಕೇಬಲ್ ಬಂದು ಸೇರುವ ಬೋಲ್ಟಿಗೆ ಕನಿಷ್ಠ 6 ಚದರ ಮಿಲಿಮೀಟರಿನ ಹೊಸ ತಾಮ್ರದ ತಂತಿ ಎಳೆಯಿರಿ. ಸೆಲ್ಫ್‌ನ ಬದಿಗೆ 60 ಆಂಪಿಯರಿನ ಫ್ಯೂಸ್ ಇರಲಿ. ಡೈನಮೊದ ಹಳೆಯ ತಂತಿಯನ್ನೇ ಇದಕ್ಕೆ ಬಳಸಬೇಡಿ. ಹಳೆಯ ವೈರಿಂಗ್‌ನ ಬಣ್ಣಗಳನ್ನು ನಾನು ನಂಬುವುದಿಲ್ಲ, ಪ್ರತಿ ತಂತಿಯನ್ನೂ ಟೆಸ್ಟ್ ಲ್ಯಾಂಪ್‌ನಿಂದ ಹಿಡಿದು ಚೀಟಿ ಕಟ್ಟುತ್ತೇನೆ. ಹೊಸ ತಂತಿಯನ್ನು ಡೀಸೆಲ್ ಪೈಪಿಗೆ ಕಟ್ಟುವುದನ್ನು ನಮ್ಮ ಕಡೆ ಬಹಳ ನೋಡಿದ್ದೇನೆ. ಕವಚ ಸವೆದ ದಿನ ಬೆಂಕಿ ಹೊತ್ತುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಡೈನಮೊದ ಚಾರ್ಜನ್ನು ಹಿಡಿತದಲ್ಲಿಡುತ್ತಿದ್ದ, ನಮ್ಮವರು ಕಟೌಟ್ ಎಂದು ಕರೆಯುವ ಕಂಟ್ರೋಲ್ ಬಾಕ್ಸ್‌ಗೆ ಇನ್ನು ಕೆಲಸವಿಲ್ಲ. ಆದರೆ ಅದನ್ನು ಸುಮ್ಮನೆ ಕಿತ್ತರೆ ದೀಪಗಳೂ ಆರುತ್ತವೆ, ಏಕೆಂದರೆ ಬ್ಯಾಟರಿಯ ವಿದ್ಯುತ್ ಅದರ ಎ ಕಂಬಕ್ಕೆ ಬಂದು ಎ1ರಿಂದ ಹೊರಗೆ ಹೋಗುತ್ತದೆ. ಎ ಮತ್ತು ಎ1ರ ತಂತಿಗಳನ್ನು ಒಂದುಗೂಡಿಸಿ. ಡೈನಮೊದ ಫೀಲ್ಡಿಗೆ ಹೋಗುತ್ತಿದ್ದ ಎಫ್ ತಂತಿಯ ಎರಡೂ ತುದಿಗಳಿಗೆ ಟೇಪ್ ಸುತ್ತಿ ಬಿಡಿ. ಡೈನಮೊದಿಂದ ಬರುತ್ತಿದ್ದ ಡಿ ತಂತಿಯನ್ನು ಬಾಕ್ಸ್‌ನ ಬಳಿ ಚಾರ್ಜ್ ದೀಪದ ತಂತಿಗೆ ಕೂಡಿಸಿ, ಡೈನಮೊ ಕಡೆಗಿದ್ದ ಇನ್ನೊಂದು ತುದಿಯನ್ನು ಆಲ್ಟರ್ನೇಟರಿನ ಎಲ್ ಅಥವಾ ಡಿ ಪ್ಲಸ್‌ಗೆ ಕೊಡಿ.

ಆ ದೀಪ ಅಲಂಕಾರಕ್ಕಲ್ಲ. ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಚೂರು ವಿದ್ಯುತ್ ಅದರ ಮೂಲಕವೇ ಹೋಗುತ್ತದೆ. ಸುಮಾರು 3 ವ್ಯಾಟಿನ ತಂತುವಿನ ಬಲ್ಬ್ ಇರಲಿ. ಎಲ್‌ಇಡಿಯಿಂದ ಹರಿಯುವ ವಿದ್ಯುತ್ ಸಾಲದು. ಬಲ್ಬಿಗೆ ಬರುವ ಪ್ಲಸ್ ಚಾವಿಯ ಮೂಲಕವೇ ಬರಬೇಕು. ಆಲ್ಟರ್ನೇಟರ್ ಮೈಯಿಂದ ಎಂಜಿನ್ ಬ್ಲಾಕಿಗೆ ಬಣ್ಣ ಕೆರೆದು ಒಂದು ಅರ್ಥ್ ತಂತಿಯನ್ನೂ ಕೊಡಿ.

ಆಲ್ಟರ್ನೇಟರಿನ ವಿದ್ಯುತ್ ಆಮೀಟರನ್ನು ಹಾಯದೆ ನೇರ ಸೆಲ್ಫ್‌ನ ಬೋಲ್ಟಿಗೆ ಹೋಗುವುದರಿಂದ ಈಗ ಆಮೀಟರ್ ತೋರಿಸುವುದು ಖರ್ಚನ್ನು ಮಾತ್ರ, ಜಮೆಯನ್ನಲ್ಲ. ಆದ್ದರಿಂದ ಒಂದು ವೋಲ್ಟ್‌ಮೀಟರ್ ಕೂರಿಸಿ. ಎಂಜಿನ್ ನಿಂತಾಗ ತುಂಬಿದ ಬ್ಯಾಟರಿ 12.6 ತೋರಿಸಬೇಕು, ಓಡುವಾಗ 13.8ರಿಂದ 14.4. ಎಲ್ಲ ದೀಪ ಹಚ್ಚಿ ಎಂಜಿನ್ ನಿಧಾನಕ್ಕಿಳಿಸಿದರೂ 13ರ ಮೇಲಿದ್ದರೆ ಕೆಲಸ ಚೆನ್ನಾಗಿ ಆಗಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಕೂಡಲೇ ನಿಲ್ಲಿಸಿ.

ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ಎಂಜಿನ್ ಓಡುವಾಗ ಬ್ಯಾಟರಿ ತಂತಿ ಕಳಚುವ ಹಳೆಯ ಅಭ್ಯಾಸವನ್ನು ಬಿಟ್ಟುಬಿಡಿ. ಡೈನಮೊ ಅದನ್ನು ತಡೆದುಕೊಂಡರೂ ಆಲ್ಟರ್ನೇಟರ್ ತಡೆಯದು. ಹುಕ್ಕು, ರೋಟಾವೇಟರ್ ಎಂದು ಗಾಡಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯನ್ನೂ ಆಲ್ಟರ್ನೇಟರಿನ ತಂತಿಗಳನ್ನೂ ಬಿಡಿಸಿ, ವೆಲ್ಡರನ ಅರ್ಥ್ ಕ್ಲಿಪ್ಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ.