ಇಲಿ ತೇಲಿದ ಹೊತ್ತನ್ನು ಎಣಿಸುತ್ತಾ

ಎಂ.ಫಾರ್ಮ್ (ಔಷಧ ವಿಜ್ಞಾನದ ಸ್ನಾತಕೋತ್ತರ ಪದವಿ) ಎರಡನೇ ವರ್ಷದಲ್ಲಿ ನಾನು ಆರಿಸಿಕೊಂಡ ಗಿಡ ಒಂದೆಲಗ. ನಮ್ಮನೆಯಲ್ಲಿ ಅಜ್ಜಿ ತಂಬುಳಿ ಮಾಡುತ್ತಿದ್ದರಲ್ಲ, ಅದೇ ಎಲೆ. ಅದರ ಸಾರ ಖಿನ್ನತೆಗೆ ಕೆಲಸ ಮಾಡುತ್ತದೆಯೇ ಎಂದು ಇಲಿಗಳಲ್ಲಿ ನೋಡಬೇಕಿತ್ತು.

ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಎಂಬ ಸಾರ ಇಳಿಸುವ ಗಾಜಿನ ಉಪಕರಣದಲ್ಲಿ ಎಥನಾಲ್ ಹಾಕಿ ಸಾರ ಇಳಿಸಿದೆ. ಎಥನಾಲ್ ಆರಿದ ಮೇಲೆ ಕಡು ಹಸಿರು ಅಂಟು ಉಳಿಯಿತು. ಅದು ನೀರಿಗೆ ಸರಿಯಾಗಿ ಬೆರೆಯಲಿಲ್ಲ. ನೀರನ್ನು ಮಂದ ಮಾಡುವ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಪುಡಿ ಹಾಕಿ ಚೆನ್ನಾಗಿ ಅರೆದ ಮೇಲೆ ದಾರಿಗೆ ಬಂತು. ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ 20–25 ಗ್ರಾಂ ತೂಕದ ಸ್ವಿಸ್ ಅಲ್ಬಿನೋ ಇಲಿಗಳಿಗೆ 14 ದಿನ ಬಾಯಿಯ ಮೂಲಕ ಕೊಟ್ಟೆ. ಹೋಲಿಕೆಗೆ ಒಂದು ಗುಂಪಿಗೆ ಬರೀ ಸಿಎಂಸಿ, ಇನ್ನೊಂದಕ್ಕೆ ಖಿನ್ನತೆಯ ಹಳೆಯ ಔಷಧಿ ಇಮಿಪ್ರಮಿನ್.

ಪರೀಕ್ಷೆ 1977ರಲ್ಲಿ ಪೋರ್ಸೋಲ್ಟ್ ಎಂಬ ವಿಜ್ಞಾನಿ ತಿಳಿಸಿದ ಈಜಿನದು. ಗಾಜಿನ ಜಾರ್‌ನಲ್ಲಿ 25 ಡಿಗ್ರಿಯ ನೀರು, ಒಟ್ಟು 6 ನಿಮಿಷ. ಕೊನೆಯ 4 ನಿಮಿಷದಲ್ಲಿ ಇಲಿ ಒದ್ದಾಡದೆ ಸುಮ್ನೆ ತೇಲಿದ ಹೊತ್ತನ್ನು ಎಣಿಸಬೇಕು. ಖಿನ್ನತೆಯ ಔಷಧಿ ಕೊಟ್ಟ ಇಲಿ ಕಡಿಮೆ ತೇಲುತ್ತದೆ.

ಮೂಗು ಮೇಲಿಡಲು ಒಂದು ಕಾಲು ಮೆಲ್ಲಗೆ ಆಡಿಸಿದರೆ ಅದು ಈಜೇ, ತೇಲುವುದೇ? ಅಲ್ಲೇ ನಾನು ಎಡವಿದೆ. ಯಾವ ಇಲಿ ಯಾವ ಗುಂಪಿನ ಪಂಜರದ್ದು ಎಂದು ನನಗೆ ಗೊತ್ತಿತ್ತು. ಒಂದೆಲಗದ ಇಲಿ ಸ್ವಲ್ಪ ಅಲುಗಿದರೂ ಈಜು ಎಂದು ಬರೆದುಕೊಂಡೆ. ಸಂಖ್ಯೆಗಳು ತುಂಬಾ ಚೆನ್ನಾಗಿ ಬಂದವು. ಆಮೇಲೆ ಗೆಳತಿಯೊಬ್ಬಳಿಗೆ ಗುಂಪು ಹೇಳದೆ ವಿಡಿಯೊ ಕೊಟ್ಟು ಎಣಿಸಲು ಹೇಳಿದೆ. ವ್ಯತ್ಯಾಸ ಕುಗ್ಗಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲ ಲೆಕ್ಕವನ್ನೆಲ್ಲ ಬಿಟ್ಟು ಅವಳದ್ದನ್ನೇ ಇಟ್ಟುಕೊಂಡೆ.

ಇಲಿಯ ಚಲನೆ ಎಣಿಸುವ ಆಕ್ಟೋಫೋಟೊಮೀಟರ್ ಎಂಬ ಪೆಟ್ಟಿಗೆಯಲ್ಲಿ ಓಡಾಟವನ್ನೂ ನೋಡಿದೆ. ಕೆಫೀನ್ ಕೊಟ್ಟರೂ ಇಲಿ ಜಾಸ್ತಿ ಒದ್ದಾಡುತ್ತದೆ, ಅದು ಖಿನ್ನತೆಯ ಔಷಧಿಯಲ್ಲ ಅಲ್ವಾ? ಒಂದೆಲಗದ ಗುಂಪಿನ ಓಡಾಟ ಮಾಮೂಲಿಯಾಗೇ ಇತ್ತು. ಅಷ್ಟು ಸಮಾಧಾನ.

ಪ್ರತಿ ಇಲಿಗೂ ನೀರು ಬದಲಿಸಿ, ಹೊರತೆಗೆದ ಕೂಡಲೇ ಟವೆಲ್‌ನಲ್ಲಿ ಒರೆಸಿ, ಬಲ್ಬಿನ ಬಿಸಿಗೆ ಇಡುತ್ತಿದ್ದೆ. ಅವು ನಡುಗುವುದನ್ನು ನೋಡಲು ಕಷ್ಟವಾಗುತ್ತಿತ್ತು. ತೇಲುವ ಇಲಿ ದುಃಖದಲ್ಲಿದೆ ಎಂದು ಹೇಳಲಾರೆ. ಶಕ್ತಿ ಉಳಿಸಿಕೊಳ್ಳುತ್ತಿರಲೂಬಹುದು. ಪ್ರಬಂಧದಲ್ಲಿ ‘ತೇಲಿದ ಹೊತ್ತು ಕಡಿಮೆಯಾಯಿತು’ ಎಂದಷ್ಟೇ ಬರೆದೆ.

ಊರಿಗೆ ಹೋದಾಗ ಚಿಕ್ಕಮ್ಮ ಕೇಳಿದರು: “ಹಾಗಾದ್ರೆ ಡಾಕ್ಟರ ಮಾತ್ರೆ ಬಿಟ್ಟು ಒಂದೆಲಗ ತಿನ್ನಲಾ?”

“ಬೇಡ ಚಿಕ್ಕಮ್ಮ, ಮಾತ್ರೆ ಬಿಡಬೇಡಿ. ನಾನು ನೋಡಿದ್ದು ನೀರಲ್ಲಿ ತೇಲಿದ ಇಲಿಗಳನ್ನ. ತಂಬುಳಿ ಬೇಕಾದ್ರೆ ಊಟಕ್ಕೆ ಮಾಡೋಣ.”