ಜಿಪಿಎಸ್‌ನಿಂದ ಕಂಪ್ಯೂಟರ್ ಗಡಿಯಾರ: ಪಿಪಿಎಸ್ ತಂತಿ ಮರೆಯಬೇಡಿ

ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜಿಪಿಎಸ್ ಮಾಡ್ಯೂಲ್ ಸೇರಿಸಿ ಮನೆಯಲ್ಲೇ ಟೈಮ್ ಸರ್ವರ್ (ಬೇರೆ ಕಂಪ್ಯೂಟರ್‌ಗಳಿಗೆ ಸರಿಯಾದ ಸಮಯ ಕೊಡುವ ಯಂತ್ರ) ಮಾಡಬೇಕು ಅಂತಿದ್ದರೆ, ಕೊಳ್ಳುವ ಮುಂಚೆ ಒಂದನ್ನು ನೋಡಿಕೊಳ್ಳಿ. ಮಾಡ್ಯೂಲಿನಲ್ಲಿ ಪಿಪಿಎಸ್ ಪಿನ್, ಅಂದರೆ ಸೆಕೆಂಡಿಗೊಂದು ಮಿಡಿತ ಕೊಡುವ ಪಿನ್, ಇರಲೇಬೇಕು. ಯುಎಸ್‌ಬಿಗೆ ಚುಚ್ಚುವ ಅಗ್ಗದ ಡಾಂಗಲ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಮಾಡ್ಯೂಲ್ ಸೀರಿಯಲ್ ತಂತಿಯಲ್ಲಿ ಸಮಯವನ್ನು ಅಕ್ಷರಗಳಾಗಿ ಕಳಿಸುತ್ತದೆ. 9600 ಬಾಡ್ ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡ್ ಬೇಕು. 70 ಅಕ್ಷರದ ಸಾಲು ಪೂರ್ತಿ ಬರುವಷ್ಟರಲ್ಲಿ 70 ಮಿಲಿಸೆಕೆಂಡ್ ಕಳೆದಿರುತ್ತದೆ, ಮೇಲಾಗಿ ಆ ಸಾಲು ಹೊರಡುವ ಹೊತ್ತೂ ಪ್ರತಿ ಸಲ ಒಂದೇ ಇರುವುದಿಲ್ಲ. ಇದನ್ನೇ ನಂಬುವುದಾದರೆ ಇಂಟರ್ನೆಟ್ಟಿನಿಂದ ಸಮಯ ತರುವ ಎನ್‌ಟಿಪಿಯೇ ವಾಸಿ ಅಲ್ವಾ? ಪಿಪಿಎಸ್ ಹಾಗಲ್ಲ. ಸೆಕೆಂಡ್ ಶುರುವಾಗುವ ಕ್ಷಣಕ್ಕೆ ಸರಿಯಾಗಿ ಒಂದು ಮಿಡಿತ ಕೊಡುತ್ತದೆ, ತಪ್ಪಿದರೂ ಹತ್ತಾರು ನ್ಯಾನೋಸೆಕೆಂಡ್ ಅಷ್ಟೇ. ಆದರೆ ಅದು ಯಾವ ಸೆಕೆಂಡ್ ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಅದನ್ನು ಸೀರಿಯಲ್ ಸಾಲು ಹೇಳಬೇಕು. ಅದಕ್ಕೇ ಎರಡೂ ತಂತಿ ಬೇಕು.

ಪವರ್ ಮತ್ತು ಗ್ರೌಂಡ್ ಕೊಟ್ಟು, ಮಾಡ್ಯೂಲಿನ ಟಿಎಕ್ಸ್ (ಡೇಟಾ ಕಳಿಸುವ ಪಿನ್) ಅನ್ನು ಪೈನ 10ನೇ ಪಿನ್‌ಗೆ, ಪಿಪಿಎಸ್ ಅನ್ನು 12ನೇ ಪಿನ್‌ಗೆ ಹಾಕಿ. ಸಿಗ್ನಲ್ 3.3 ವೋಲ್ಟ್ ಮೀರಬಾರದು, 5 ವೋಲ್ಟ್ ಬಂದರೆ ಪೈ ಸುಟ್ಟುಹೋಗಬಹುದು. ಸೆಟ್ಟಿಂಗ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಆನ್ ಇರಲಿ, ಅದರ ಮೇಲಿನ ಲಾಗಿನ್ ಕನ್ಸೋಲ್ ಆಫ್ ಮಾಡಿ. ಬೂಟ್ ಕಾನ್ಫಿಗ್ ಫೈಲಿನಲ್ಲಿ ಪಿಪಿಎಸ್-ಜಿಪಿಐಒ ಓವರ್‌ಲೇ (ಮಿಡಿತ ಯಾವ ಪಿನ್ನಿಗೆ ಬರುತ್ತದೆ ಅಂತ ಪೈಗೆ ತಿಳಿಸುವ ಸಾಲು) ಸೇರಿಸಿ. ಅಲ್ಲಿ 18 ಅಂತ ಬರೆಯಬೇಕು, ಯಾಕೆಂದರೆ 12ನೇ ಪಿನ್ನಿಗೆ ಸಾಫ್ಟ್‌ವೇರ್ ಬಳಸುವ ಜಿಪಿಐಒ ನಂಬರ್ 18.

ಆಂಟೆನಾಗೆ ಆಕಾಶ ಕಾಣಬೇಕು. ಕಿಟಕಿ ಪರವಾಗಿಲ್ಲ, ತಾರಸಿ ಇನ್ನೂ ಒಳ್ಳೆಯದು. ಪಿಪಿಎಸ್‌ಟೆಸ್ಟ್ ಕಮಾಂಡ್ ಓಡಿಸಿದರೆ ಸೆಕೆಂಡಿಗೊಂದು ಸಾಲು ಬೀಳಬೇಕು. ಬೀಳದಿದ್ದರೆ ಸುಮ್ನೆ ತಂತಿ ಕಿತ್ತು ನೋಡಬೇಡಿ, ಎಷ್ಟೋ ಮಾಡ್ಯೂಲ್‌ಗಳು ಫಿಕ್ಸ್ (ಉಪಗ್ರಹಗಳಿಂದ ತಮ್ಮ ಜಾಗದ ಪತ್ತೆ) ಸಿಗುವ ತನಕ ಮಿಡಿತವನ್ನೇ ಕೊಡುವುದಿಲ್ಲ. ಫಿಕ್ಸ್ ಸಿಕ್ಕ ಮೇಲೂ ಕಾಲು ಗಂಟೆ ಕಾಯಿರಿ. ಜಿಪಿಎಸ್ ಸಮಯ 2017ರಿಂದ ಯುಟಿಸಿಗಿಂತ (ಜಗತ್ತಿನ ಪ್ರಮಾಣಿತ ಸಮಯಕ್ಕಿಂತ) 18 ಸೆಕೆಂಡ್ ಮುಂದಿದೆ, ಆ ವ್ಯತ್ಯಾಸದ ಲೆಕ್ಕ ಇರುವ ಉಪಗ್ರಹದ ಸಂದೇಶ ಪೂರ್ತಿ ಬರಲು 12.5 ನಿಮಿಷ ಹಿಡಿಯುತ್ತದೆ.

ಇನ್ನು ಎರಡು ಪ್ರೋಗ್ರಾಂಗಳು: ಮಾಡ್ಯೂಲಿನ ಸಾಲುಗಳನ್ನು ಓದುವ ಜಿಪಿಎಸ್‌ಡಿ ಮತ್ತು ಕಂಪ್ಯೂಟರಿನ ಗಡಿಯಾರ ಸರಿಪಡಿಸುವ ಕ್ರೋನಿ. ಕ್ರೋನಿಯ ಕಾನ್ಫಿಗ್ ಫೈಲಿನಲ್ಲಿ ಎರಡು ರೆಫ್‌ಕ್ಲಾಕ್ (ಸಮಯದ ಮೂಲ) ಬರೆಯಿರಿ. ಜಿಪಿಎಸ್‌ಡಿ ಕೊಡುವ ಸೀರಿಯಲ್ ಸಮಯಕ್ಕೆ ನೋಸೆಲೆಕ್ಟ್ (ಗಡಿಯಾರಕ್ಕೆ ನೇರವಾಗಿ ಆರಿಸಬೇಡ ಅಂತ) ಹಾಕಿ, ಯಾವ ಸೆಕೆಂಡ್ ಅಂತ ತಿಳಿಯಲು ಪಿಪಿಎಸ್ ಅನ್ನು ಅದಕ್ಕೆ ಲಾಕ್ ಮಾಡಿ. ಒಂದೆರಡು ಇಂಟರ್ನೆಟ್ ಸರ್ವರ್‌ಗಳನ್ನೂ ಇಟ್ಟುಕೊಳ್ಳಿ, ಹೋಲಿಸಿ ನೋಡಲು ಬೇಕು. ಸೀರಿಯಲ್ ಎಷ್ಟು ತಡ ಅಂತ ಕ್ರೋನಿಯ ಸೋರ್ಸ್‌ಸ್ಟ್ಯಾಟ್ಸ್ ಕಮಾಂಡ್ ತೋರಿಸುತ್ತದೆ, ಅಷ್ಟನ್ನು ಸೀರಿಯಲ್ ರೆಫ್‌ಕ್ಲಾಕಿನ ಆಫ್‌ಸೆಟ್‌ಗೆ ತುಂಬಿ. ತಡ ಜಾಸ್ತಿ ಉಳಿದರೆ ಲಾಕ್ ಆಗುವುದಿಲ್ಲ.

ಕೊನೆಗೆ ಕ್ರೋನಿಯ ಸೋರ್ಸಸ್ ಕಮಾಂಡ್ ಕೊಟ್ಟು ನೋಡಿ. ಪಿಪಿಎಸ್ ಸಾಲಿನ ಮುಂದೆ #* ಬಂದು, ರೀಚ್ ಕಾಲಮ್ಮಿನಲ್ಲಿ 377 ನಿಂತಿದ್ದರೆ ಕ್ರೋನಿ ಪಿಪಿಎಸ್ ಅನ್ನೇ ಆರಿಸಿದೆ, ಕೊನೆಯ ಎಂಟು ಸಲವೂ ತಪ್ಪದೆ ಸಮಯ ಸಿಕ್ಕಿದೆ ಅಂತ ಅರ್ಥ.