ಐಟಿ ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಕಟ್ಟೂಕಿಂತ ಮುಂಚೆ ಇಷ್ಟು ನೋಡ್ಕಳಿ

ಅಕ್ಕನ ಮಗ ಬಿಕಾಂ ಮುಗಿಸಿ ಅಡಿಕೆ ಕೊಯ್ಲು ಮುಗಿಯೂವರೆಗೆ ಮನೇಲೇ ಇದ್ದ, ಮೊನ್ನೆ ಫೋನ್ ಮಾಡಿ "ಮಾವ, ಹುಬ್ಬಳ್ಳೀಲಿ ನೆಟ್‌ವರ್ಕಿಂಗ್ ಕೋರ್ಸ್ ಇದ್ದಡ, 45 ಸಾವಿರ ಅಡ, ಸೇರ್ಲಾ?" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದ್ದೇನೆ, ಯಾಕಂದ್ರೆ ಶಿರಸಿ, ಕುಮಟಾ, ಕಾರವಾರ ಕಡೆ ಇದೇ ಪ್ರಶ್ನೆ ಇಟ್ಕಂಡು ಕೂತ ಹುಡುಗ್ರು ಹುಡುಗೀರು ಸುಮಾರು ಜನ ಇದ್ದಾರೆ.

ಮೊದ್ಲು ನನ್ನ ಕಥೆ. ಡಿಗ್ರಿ ಮುಗಿದ ವರ್ಷ ನಾನೂ ಹೀಗೇ ಒಂದು ಕಡೆ ಸೇರಿದ್ದೆ, ಹೆಸರು ಬೇಡ, ಆರು ತಿಂಗಳು ಪೇಟೇಲಿ ರೂಮು ಮಾಡ್ಕಂಡು ಕಲ್ತೆ, ಕೊನೆಗೆ ಬಂಗಾರದ ಬಣ್ಣದ ಅಂಚಿರೋ ದೊಡ್ಡ ಸರ್ಟಿಫಿಕೇಟ್ ಕೊಟ್ರು, ಆಯಿ ಅದಕ್ಕೆ ಫ್ರೇಮ್ ಹಾಕ್ಸಿದ್ಲು. ಇಂಟರ್‌ವ್ಯೂನಲ್ಲಿ ಕಂಪನಿಯವ್ರು "ಸಿಸ್ಕೋ ಸರ್ಟಿಫಿಕೇಟ್ ನಂಬರ್ ಎಷ್ಟು" ಅಂತ ಕೇಳಿದಾಗ್ಲೇ ಗೊತ್ತಾಗಿದ್ದು, ನಾನು ಹಿಡ್ಕಂಡು ಹೋಗಿದ್ದು ಬರೀ ಇನ್‌ಸ್ಟಿಟ್ಯೂಟಿನ ಕಾಗದ ಅಂತ.

ಪಾಠ ಹೇಳೂದು ಇನ್‌ಸ್ಟಿಟ್ಯೂಟು, ಪರೀಕ್ಷೆ ಮಾಡಿ ಪಾಸ್ ಅನ್ನೂದು ಸಿಸ್ಕೋ, ಮೈಕ್ರೋಸಾಫ್ಟ್, ರೆಡ್ ಹ್ಯಾಟ್‌ನಂಥ ಕಂಪನಿ, ಎರಡೂ ಬೇರೆ ಬೇರೆ. ಪರೀಕ್ಷೆ ಫೀಸೂ ಬೇರೆ. ಸಿಸ್ಕೋದ ಸಿಸಿಎನ್ಎ ಅನ್ನೂ ನೆಟ್‌ವರ್ಕಿಂಗ್ ಪರೀಕ್ಷೆ ಒಂದಕ್ಕೇ 300 ಡಾಲರ್, ತೆರಿಗೆ ಮೇಲಿಂದ, ಅಂದ್ರೆ ನಮ್ಮ ಲೆಕ್ಕದಲ್ಲಿ 25 ಸಾವಿರದ ಮೇಲಾಯ್ತು. ಹಾಗಾಗಿ ಇನ್‌ಸ್ಟಿಟ್ಯೂಟ್ ಆಫೀಸಲ್ಲಿ ನೀವು ಕೇಳೂ ಮೊದಲ್ನೇ ಪ್ರಶ್ನೆ, ಈ ಫೀಸಲ್ಲಿ ಎಕ್ಸಾಂ ವೋಚರ್, ಅಂದ್ರೆ ಪರೀಕ್ಷೆ ಫೀಸು ಕಟ್ಟಿದ ಕೂಪನ್, ಸೇರಿದ್ಯಾ ಇಲ್ವಾ. ಸೇರಿದೆ ಅಂದ್ರೆ ರಸೀದಿ ಮೇಲೆ ಬರೆಸ್ಕಳಿ, ಬಾಯಲ್ಲಿ ಹೇಳಿದ್ದು ಘಟ್ಟ ಹತ್ತೂದ್ರೊಳಗೆ ಮರ್ತು ಹೋಗ್ತದೆ.

ಯಾವ ಸರ್ಟಿಫಿಕೇಟ್ ಅನ್ನೂದನ್ನ ಇನ್‌ಸ್ಟಿಟ್ಯೂಟಿನ ಕೌನ್ಸೆಲರ್ ಹತ್ರ ಕೇಳ್ಬೇಡಿ, ಅವ್ರ ಹತ್ರ ಯಾವ ಬ್ಯಾಚ್ ಖಾಲಿ ಇದ್ಯೋ ಅದೇ ನಿಮಗೆ ಸೂಟ್ ಆಗೂದು. ಜಾಬ್ ಸೈಟ್ ತೆಗೆದು ನೀವು ಹೋಗೂಕೆ ತಯಾರಿರೋ ಊರು ಹಾಕಿ, ಹುಬ್ಬಳ್ಳಿಯೋ ಬೆಂಗಳೂರೋ, ಕಾರವಾರದವ್ರಿಗೆ ಗೋವಾ ಹೇಗೂ ಹತ್ರ, ಅಲ್ಲಿಯ ಫ್ರೆಶರ್ ಕೆಲ್ಸದ ಮೂವತ್ತು ಜಾಹೀರಾತು ಓದಿ, ಯಾವ ಹೆಸರು ಮತ್ತೆ ಮತ್ತೆ ಬರ್ತದೆ ಅಂತ ನೋಟ್‌ಬುಕ್ಕಲ್ಲಿ ಗೆರೆ ಎಳೀತಾ ಹೋಗಿ. ಒಂದು ಸಂಜೆ ಸಾಕು ಇದಕ್ಕೆ. ನೆಟ್‌ವರ್ಕ್ ಕೆಲ್ಸ ಅಂದ್ರೆ ಸಿಸಿಎನ್ಎ, ಸರ್ವರ್ ಲಿನಕ್ಸ್ ಅಂದ್ರೆ ರೆಡ್ ಹ್ಯಾಟಿನ ಆರ್‌ಎಚ್‌ಸಿಎಸ್‌ಎ. ಡೆಸ್ಕ್‌ಟಾಪ್ ಸಪೋರ್ಟಿಗೆ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಸರ್ಟಿಫಿಕೇಟಿನ ಸಿಲೆಬಸ್ ಒಳ್ಳೇದು, ಆದ್ರೆ ಅದಕ್ಕೆ ಎರಡು ಪರೀಕ್ಷೆ, ಎರಡು ಫೀಸು, ನಮ್ಮ ಕಡೆ ಅದನ್ನ ಕೇಳೂವ್ರನ್ನ ನಾನು ಕಂಡಿದ್ದು ಕಮ್ಮಿ, ಹಾಗಾಗಿ ಸಿಲೆಬಸ್ ಓದಿ, ಪರೀಕ್ಷೆ ದುಡ್ಡು ಉಳಿಸಿ ಅಂತೇನೆ. ಕ್ಲೌಡ್‌ಗೆ, ಅಂದ್ರೆ ಇಂಟರ್ನೆಟ್ ಮೇಲೆ ಬಾಡಿಗೆಗೆ ಸಿಗೂ ಸರ್ವರ್ ಕೆಲ್ಸಕ್ಕೆ, ಮೈಕ್ರೋಸಾಫ್ಟಿನ ಎಝಡ್-900, ಅಮೆಜಾನಿನ ಕ್ಲೌಡ್ ಪ್ರಾಕ್ಟಿಷನರ್ ಇದೆ, ಎರಡೂ ಬಾಗಿಲ ಹೊಸ್ತಿಲು ಅಷ್ಟೇ, ಅದೊಂದನ್ನೇ ಹಿಡ್ಕಂಡು ಕೆಲ್ಸ ಸಿಗ್ತದೆ ಅಂದ್ರೆ ನಂಬ್ಬೇಡಿ. ಮೂರು ತಿಂಗಳಲ್ಲಿ ಎಥಿಕಲ್ ಹ್ಯಾಕರ್ ಮಾಡ್ತೇವೆ ಅನ್ನೂವ್ರ ಬಗ್ಗೆ ಎಂತ ಹೇಳೂದು ಮಾರಾಯ್ರೆ, ಐಪಿ ಅಡ್ರೆಸ್ ಎಂತ ಅಂತ ಗೊತ್ತಿಲ್ದೆ ಹ್ಯಾಕಿಂಗ್ ಕಲಿಯೂದು ಹೊಳೆ ನೋಡದವ ಸಮುದ್ರಕ್ಕೆ ದೋಣಿ ಇಳಿಸಿದ ಹಾಗೆ.

ಸಿಲೆಬಸ್ ಹಳೇದಾ ಅಂತ ನೋಡೂಕೆ ಒಂದು ಉಪಾಯ ಇದೆ, ಪರೀಕ್ಷೆಯ ಕೋಡ್ ಕೇಳಿ. ಸಿಸಿಎನ್ಎ ಆದ್ರೆ 200-301, ಅದು ಬಂದಿದ್ದು 2020ರ ಫೆಬ್ರವರೀಲಿ. ಅದರ ಹಿಂದಿನ 200-125 ನೋಟ್ಸನ್ನೇ ಝೆರಾಕ್ಸ್ ಮಾಡಿ ಕೊಡ್ತಿದ್ರೆ ಎದ್ದು ಬನ್ನಿ. ಬೋರ್ಡ್ ಮೇಲೆ ಇನ್ನೂ ಎಂಸಿಎಸ್‌ಇ ಅಂತ ದೊಡ್ಡದಾಗಿ ಬರ್ದಿದ್ರೆ, ಮೈಕ್ರೋಸಾಫ್ಟ್ ಆ ಸರ್ಟಿಫಿಕೇಟನ್ನ 2021ರ ಜನವರೀಲೇ ನಿಲ್ಸಿದೆ, ಅಂಥ ಕಡೆ ಬೋರ್ಡ್ ಜತೆ ಪಾಠವೂ ಹಳೇದೇ ಇರೂದು. ಪರೀಕ್ಷೆಯ ವಿಷಯ ಪಟ್ಟಿ ಕಂಪನಿ ಸೈಟಲ್ಲೇ ಫ್ರೀ ಸಿಗ್ತದೆ, ಎಷ್ಟು ಪರ್ಸೆಂಟ್ ಯಾವ ಭಾಗಕ್ಕೆ ಅಂತನೂ ಇರ್ತದೆ. ಸಿಸಿಎನ್ಎಲಿ ಐಪಿ ಕನೆಕ್ಟಿವಿಟಿ, ಅಂದ್ರೆ ಒಂದು ನೆಟ್‌ವರ್ಕಿಂದ ಇನ್ನೊಂದಕ್ಕೆ ದಾರಿ ತೋರ್ಸೂ ರೂಟಿಂಗು, ಅದೊಂದಕ್ಕೇ 25 ಪರ್ಸೆಂಟ್, ಅದನ್ನ ಎರಡು ಕ್ಲಾಸಲ್ಲಿ ಮುಗಿಸ್ತೇವೆ ಅಂದ್ರೆ ಅರ್ಥ ಮಾಡ್ಕಳಿ.

ಇನ್ನು ಲ್ಯಾಬ್. ಡೆಮೋ ಕ್ಲಾಸ್ ಅಂತ ಎಸಿ ರೂಮಲ್ಲಿ ಕೂರ್ಸಿ ಸ್ಲೈಡ್ ತೋರ್ಸಿದ್ರೆ ಸಾಲೂದಿಲ್ಲ, ಮಾಮೂಲಿ ದಿನ ನಡೀತಿರೋ ಬ್ಯಾಚಲ್ಲಿ ಹಿಂದೆ ಕೂತು ನೋಡ್ತೇನೆ ಅನ್ನಿ, ಒಂದು ಮಶೀನಿಗೆ ಎಷ್ಟು ಜನ ಕೂತಿದ್ದಾರೆ ಎಣಿಸಿ, ಮೇಷ್ಟ್ರು ತಪ್ಪಾದಾಗ ತಾವೇ ಕೀಬೋರ್ಡ್ ಎಳ್ಕಂಡು ಸರಿ ಮಾಡ್ತಾರಾ ಅಥ್ವಾ ಹುಡುಗನ ಕೈಯಲ್ಲೇ ಮಾಡಿಸ್ತಾರಾ ನೋಡಿ. ಆರ್‌ಎಚ್‌ಸಿಎಸ್‌ಎ ಪರೀಕ್ಷೇಲಿ ಎ ಬಿ ಸಿ ಡಿ ಟಿಕ್ ಮಾಡೂದು ಇಲ್ವೇ ಇಲ್ಲ, ಮೂರು ತಾಸು ಮಶೀನ್ ಮುಂದೆ ಕೂತು ಕೆಲ್ಸ ಮಾಡಿ ತೋರಿಸ್ಬೇಕು. ಗೈಡು ಬಾಯಿಪಾಠ ಮಾಡಿದ್ರೆ ಅಲ್ಲಿ ಎಂತಕ್ಕೂ ಬರೂದಿಲ್ಲ.

"ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅನ್ನೂದಕ್ಕೆ ಹೋದ ವರ್ಷದ ಇಬ್ಬರು ಮೂವರು ಹುಡುಗ್ರ ಜತೆ ಮಾತಾಡಿಸಿ ಅಂತ ಕೇಳಿ, ಗೋಡೆ ಮೇಲಿನ ಫೋಟೋ ಬೇಡ. ಮತ್ತೆ ಬಡ್ಡಿ ಇಲ್ದ ಇಎಂಐ ಅಂತ ಸಹಿ ಹಾಕ್ಸಿಕೊಂಡ್ರೆ ಎಚ್ಚರ, ಎಷ್ಟೋ ಕಡೆ ಅದು ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಕೊಟ್ಟ ಸಾಲ, ಕೋರ್ಸ್ ಅರ್ಧಕ್ಕೆ ಬಿಟ್ರೂ ಕಂತು ಬಿಡೂದಿಲ್ಲ, ಕಂತು ತಪ್ಪಿದ್ರೆ ಸಿಬಿಲ್ ಹಾಳಾಗಿ ಮುಂದೆ ಬೈಕ್ ಲೋನಿಗೂ ತ್ರಾಸು.

ಇದೆಲ್ಲದಕ್ಕಿಂತ ಮುಂಚೆ ಒಂದು ತಿಂಗಳು ಮನೇಲೇ ಫ್ರೀಯಾಗಿ ಕಲ್ತು ನೋಡಿ, ಅಳಿಯನಿಗೂ ಅದನ್ನೇ ಹೇಳ್ದೆ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮೀಲಿ ಶುರುವಿನ ಕೋರ್ಸು ಫ್ರೀ ಇದೆ, ಪ್ಯಾಕೆಟ್ ಟ್ರೇಸರ್ ಅನ್ನೂ ಸಾಫ್ಟ್‌ವೇರೂ ಫ್ರೀ, ನಿಜವಾದ ರೂಟರ್ ಇಲ್ದೆ ಲ್ಯಾಪ್‌ಟಾಪಲ್ಲೇ ನೆಟ್‌ವರ್ಕ್ ಕಟ್ಟಿ ಆಡ್ಬಹುದು. ಮೈಕ್ರೋಸಾಫ್ಟ್ ಲರ್ನ್ ಫ್ರೀ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲಲ್ಲಿ ಕನ್ನಡದಲ್ಲೂ ಪಾಠ ಇದೆ, ಇಂಗ್ಲಿಷ್ ಹೆದ್ರಿಕೆ ಇರೋವ್ರು ಅಲ್ಲಿಂದ ಶುರು ಮಾಡಿ, ಆದ್ರೆ ಸರ್ಟಿಫಿಕೇಟ್ ಪರೀಕ್ಷೆ ಬರೆಯೂದು ಇಂಗ್ಲಿಷಲ್ಲೇ, ಅದನ್ನ ಮರೀಬೇಡಿ. ಪಾಠ ಮುಂಚೆನೇ ಡೌನ್‌ಲೋಡ್ ಮಾಡಿ ಇಟ್ಕಳಿ, ಮಳೆಗಾಲದಲ್ಲಿ ಕರೆಂಟು ಹೋದ್ರೆ ನೆಟ್ಟೂ ಅದರ ಹಿಂದೇ ಹೋಗ್ತದೆ. ತಿಂಗಳು ಕಳೆದ್ರೂ ಆಸಕ್ತಿ ಉಳಿದಿದ್ರೆ ದುಡ್ಡು ಕಟ್ಟೂ ವಿಚಾರ ಮಾಡಿ.

ಪರೀಕ್ಷೆ ಬಗ್ಗೆ ಎರಡು ಮಾತು. ಸಿಸಿಎನ್ಎ ಮೂರು ವರ್ಷಕ್ಕೆ ಮುಗೀತದೆ, ಹಾಗಾಗಿ ಡಿಗ್ರಿ ಮೊದಲ್ನೇ ವರ್ಷವೇ ಬರ್ದು ಇಟ್ಕಳೂದು ದಂಡ, ಕೆಲ್ಸ ಹುಡುಕೂಕೆ ಹೊರಡೂ ಹೊತ್ತಿಗೆ ಬರೀರಿ. ಡಂಪ್ಸ್ ಅಂತ ಕದ್ದ ಪ್ರಶ್ನೆಪತ್ರಿಕೆ ಮಾರ್ತಾರೆ, ಮುಟ್ಬೇಡಿ, ಸಿಕ್ಕಿಬಿದ್ರೆ ಪಾಸಾದ ಸರ್ಟಿಫಿಕೇಟೂ ರದ್ದು. ಮನೇಲೇ ಕೂತು ಆನ್‌ಲೈನ್ ಬರೀಬಹುದು, ಆದ್ರೆ ಕ್ಯಾಮೆರಾ ಹಾಕಿ ಕಾಯ್ತಿರ್ತಾರೆ, ರೂಮಿಗೆ ಬೇರೆ ಯಾರೂ ಬರೂ ಹಾಗಿಲ್ಲ, ನಮ್ಮ ಕಡೆ ಮನೇಲಿ ಅರ್ಧ ತಾಸಿಗೆ ಒಬ್ರು "ಚಾ ಕುಡೀತ್ಯನಾ" ಅಂತ ಬಾಗಿಲು ತೆಗೀದೇ ಇದ್ರೆ ಕೇಳಿ. ಬಸ್ ಹತ್ತಿ ಪರೀಕ್ಷಾ ಕೇಂದ್ರಕ್ಕೇ ಹೋಗಿ. ಬುಕ್ ಮಾಡೂವಾಗ ಹೆಸರು ಐಡಿ ಕಾರ್ಡಲ್ಲಿ ಇದ್ದ ಹಾಗೇ ಹಾಕಿ, ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್, ಐಡೀಲಿ ಅಪ್ಪನ ಪೂರ್ತಿ ಹೆಸರು ಅಂತ ಇದ್ರೆ ಬಾಗಿಲಲ್ಲೇ ತಗಾದೆ.

ಅಳಿಯ ಹುಬ್ಬಳ್ಳಿಗೆ ಇನ್ನೂ ಹೋಗ್ಲಿಲ್ಲ. ನಿನ್ನೆ ರಾತ್ರಿ ಹತ್ತೂವರೆಗೆ ಫೋನು, ಪ್ಯಾಕೆಟ್ ಟ್ರೇಸರಲ್ಲಿ ಎರಡು ರೂಟರ್ ಜೋಡಿಸಿದ್ದಾನೆ, ಕೇಬಲ್ ಸರಿ, ಅಡ್ರೆಸ್ ಸರಿ, ಪಿಂಗ್ ಮಾತ್ರ ಆಗ್ತಿಲ್ಲ, ಅಂದ್ರೆ ಒಂದರಿಂದ ಕೂಗಿದ್ರೆ ಇನ್ನೊಂದು ಓಗೊಡ್ತಿಲ್ಲ ಅಂತ. ರೂಟರಿನ ಪೋರ್ಟ್ ಚಾಲೂ ಮಾಡೂ ನೋ ಶಟ್‌ಡೌನ್ ಕಮಾಂಡ್ ಹೊಡೆದ್ಯನಾ ಅಂತ ಕೇಳ್ದೆ. ಸುಮಾರು ಹೊತ್ತು ಕೀಬೋರ್ಡ್ ಸದ್ದು ಕೇಳ್ತು, ಆಮೇಲೆ "ಓ ಮಾವ, ಲೈಟು ಹಸಿರಾತು!" ಅಂದ.